ಕೆರೆ, ಹಳ್ಳದ ದಾರಿಗೆ ಬೇಲಿ ಬಿದ್ದಾಗ: ಮೀನು ಹಿಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ಹಳ್ಳದ ದಂಡೆಗೆ ಹೋಗುವ ದಾರಿಯಲ್ಲಿ ಒಂದು ಬೆಳಿಗ್ಗೆ ತಂತಿ ಬೇಲಿ ಎದ್ದಿರುತ್ತದೆ, ಇಲ್ಲವೆ ಗೇಟಿಗೆ ಬೀಗ ಬಿದ್ದಿರುತ್ತದೆ. ಬಲೆ ಹೆಗಲಿಗೇರಿಸಿಕೊಂಡು ಹೊರಟವರು ಅಲ್ಲಿಂದ ನೇರ ಠಾಣೆಗೆ ಹೋಗುತ್ತಾರೆ. ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಅನ್ನುತ್ತಾರೆ. ತಹಶೀಲ್ದಾರರಿಗೆ ಕೊಟ್ಟ ಅರ್ಜಿ ಮೀನುಗಾರಿಕೆ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ಪಂಚಾಯಿತಿಗೆ, ಪಂಚಾಯಿತಿಯಿಂದ ಒಂದು ಸಾಲಿನ ಹಿಂಬರಹದೊಂದಿಗೆ ಮತ್ತೆ ನಿಮ್ಮ ಕೈಗೆ. ಅಷ್ಟರಲ್ಲಿ ನಾಲ್ಕೈದು ತಿಂಗಳು ಹೋಗಿರುತ್ತದೆ. ಈ ವಿಷಯದಲ್ಲಿ ಕಾನೂನು ಹೆಚ್ಚು ಬೆಲೆ ಕೊಡುವ ಮೊದಲ ಮೂರು ತಿಂಗಳೂ ಅದರಲ್ಲೇ ಕರಗಿರುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಇಂಥ ಅರ್ಜಿಗಳು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅರ್ಜಿಯಲ್ಲಿ ಕಲಸಿರುತ್ತಾರೆ. ನೀರಿನ ಅಂಗಳ ಯಾರದು? ಅದರಲ್ಲಿ ಮೀನು ಹಿಡಿಯುವ ಹಕ್ಕು ಯಾರದು? ಅಲ್ಲಿಗೆ ಹೋಗುವ ದಾರಿ ಯಾರದು? ಮೊದಲನೆಯದಕ್ಕೆ ಉತ್ತರ ಕಂದಾಯ ದಾಖಲೆಯಲ್ಲಿದೆ, ಎರಡನೆಯದಕ್ಕೆ ಗುತ್ತಿಗೆ ಆದೇಶದಲ್ಲಿ, ಮೂರನೆಯದಕ್ಕೆ ಗ್ರಾಮ ನಕ್ಷೆಯಲ್ಲಿ ಅಥವಾ ಹಳಬರ ಸಾಕ್ಷ್ಯದಲ್ಲಿ. ಕೆರೆ ಸರ್ಕಾರದ್ದೇ ಆಗಿದ್ದರೂ ಮೀನು ಗುತ್ತಿಗೆದಾರರದಾಗಿರಬಹುದು. ಮೀನಿನ ಹಕ್ಕು ನಿಮ್ಮ ಸಂಘದ್ದೇ ಆಗಿದ್ದರೂ ದಾರಿ ಇನ್ನೊಬ್ಬರ ಪಟ್ಟಾ (ಖಾಸಗಿ ಒಡೆತನದ) ಹೊಲದಲ್ಲಿರಬಹುದು. ಮೂರನ್ನೂ ಬಿಡಿಸಿಟ್ಟ ಮೇಲೆ ಅರ್ಜಿ ಬರೆಯಿರಿ.

## ಕೈಯಲ್ಲಿ ಇರಬೇಕಾದದ್ದು

ಒಂದು 30 ಮೀಟರ್ ಟೇಪು. ಜಾಗದ ಅಕ್ಷಾಂಶ, ರೇಖಾಂಶ, ದಿನಾಂಕ ಚಿತ್ರದ ಮೇಲೇ ಮೂಡಿಸುವ ಕ್ಯಾಮೆರಾ ಆ್ಯಪ್ ಇರುವ ಮೊಬೈಲು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್. ಹಾಳೆ ಕಿತ್ತರೆ ಗೊತ್ತಾಗುವಂಥ, ಹೊಲಿದ ನೋಟ್‌ಬುಕ್ಕು. ಮಾಹಿತಿ ಹಕ್ಕು ಅರ್ಜಿಯ ಶುಲ್ಕಕ್ಕೆ ನಾಲ್ಕೈದು 10 ರೂಪಾಯಿಯ ಪೋಸ್ಟಲ್ ಆರ್ಡರ್. ಇಷ್ಟು ಸಾಕು. ವಕೀಲರ ಖರ್ಚು ಬರುವುದು ಒಂಬತ್ತನೆಯ ಹಂತದಲ್ಲಿ, ಅದೂ ಎಲ್ಲರಿಗೂ ಅಲ್ಲ.

## ಹಂತ 1: ಬೇಲಿ ಕಂಡ ದಿನ

ಬೇಲಿ ಮುಟ್ಟಬೇಡಿ. ತಂತಿ ಕತ್ತರಿಸಿದರೆ, ಕಲ್ಲುಕಂಬ ಉರುಳಿಸಿದರೆ ಆಸ್ತಿ ಹಾನಿಯ ದೂರು ನಿಮ್ಮ ಮೇಲೆ ದಾಖಲಾಗುತ್ತದೆ. ಅಲ್ಲಿಂದಾಚೆ ಎಲ್ಲ ಕಚೇರಿಗಳಲ್ಲೂ ನೀವು ದೂರುದಾರರಲ್ಲ, ಆರೋಪಿಗಳು. ಹಕ್ಕು ಗಟ್ಟಿಯಾಗಿದ್ದ ಎಷ್ಟೋ ಪ್ರಕರಣಗಳು ಮೊದಲ ದಿನದ ಸಿಟ್ಟಿನಲ್ಲೇ ಹಾಳಾಗಿವೆ.

ನಾಲ್ಕು ಚಿತ್ರ ತೆಗೆಯಿರಿ. ಬೇಲಿ ಮತ್ತು ದಾರಿ ಎರಡೂ ಕಾಣುವಂತೆ ಒಂದು. ಬೇಲಿಯ ಆಚೆ ದಾರಿ ಮುಂದುವರಿದದ್ದು ಕಾಣುವಂತೆ ಒಂದು. ನೆಲದ ಮೇಲಿನ ಬಂಡಿ ಗಾಲಿಯ ಗುರುತು ಅಥವಾ ಕಾಲುಸವೆತ ಹತ್ತಿರದಿಂದ ಒಂದು. ಹತ್ತಿರದ ಕಂಬ, ಗುಡಿ, ಬೇವಿನ ಮರದಂಥ ಕದಲದ ಗುರುತಿನೊಂದಿಗೆ ಒಂದು. ಸವೆತದ ಚಿತ್ರ ಮೊದಲು ತೆಗೆಯಿರಿ. ಕಪ್ಪು ಎರೆ ಮಣ್ಣಿನಲ್ಲಿ ಒಂದು ಮಳೆ ಬಿದ್ದು ಒಂದು ಸಲ ಕುಂಟೆ ಹೊಡೆದರೆ ನೂರು ವರ್ಷದ ದಾರಿಯೂ ಕಾಣದಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಎರಡು ದಿನಾಂಕ ಬರೆಯಿರಿ: ಬೇಲಿ ಕಂಡ ದಿನ, ಅದಕ್ಕೂ ಮುಂಚೆ ನೀವು ಕೊನೆಯ ಸಲ ಆ ದಾರಿಯಲ್ಲಿ ಹೋಗಿ ಮೀನು ಹಿಡಿದ ದಿನ. ಎರಡನೆಯ ದಿನಾಂಕವೇ ಮುಖ್ಯ, ಏಕೆಂಬುದು ಏಳನೆಯ ಹಂತದಲ್ಲಿ ಬರುತ್ತದೆ. ಆ ದಿನ ಜೊತೆಗಿದ್ದ ಇಬ್ಬರ ಸಹಿ ಹಾಕಿಸಿಕೊಳ್ಳಿ.

## ಹಂತ 2: ನೀರು ಯಾವ ಬಗೆಯದೆಂದು ಗುರುತಿಸಿ

ನದಿ, ಹಳ್ಳ, ನಾಲಾ: ಭೀಮಾ, ಕಾಗಿಣಾ, ಮಾಂಜ್ರಾ, ಬೆಣ್ಣೆತೊರಾ ಮತ್ತು ಇವಕ್ಕೆ ಸೇರುವ ಹಳ್ಳಗಳ ಪಾತ್ರ ಸಾಮಾನ್ಯವಾಗಿ ಸರ್ಕಾರದ್ದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 67 ಖಾಸಗಿ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ದಾರಿ, ನದಿ-ಹಳ್ಳ-ನಾಲಾಗಳ ಪಾತ್ರ, ಕೆರೆ, ನಿಂತ ಮತ್ತು ಹರಿಯುವ ನೀರು ಎಲ್ಲವೂ ರಾಜ್ಯ ಸರ್ಕಾರದ್ದೆಂದು ಹೇಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಪಾತ್ರದೊಳಗೆ ಕಲ್ಲಂಗಡಿ, ಸೌತೆ ಹಾಕಿದ ಮಾತ್ರಕ್ಕೆ ಆ ಜಾಗ ದಂಡೆಯ ಹೊಲದವರದಾಗುವುದಿಲ್ಲ.

ಜಲಾಶಯ: ಕಾರಂಜಾ, ಅಮರ್ಜಾ, ಬೆಣ್ಣೆತೊರಾ, ಗಂಡೋರಿ ನಾಲಾ, ಕೆಳದಂಡೆ ಮುಲ್ಲಾಮಾರಿ, ನಾರಾಯಣಪುರದ ಬಸವಸಾಗರ. ಇಲ್ಲಿ ಮುಳುಗಡೆ ಜಮೀನನ್ನು ಸ್ವಾಧೀನಪಡಿಸಿಕೊಂಡು ಪರಿಹಾರ ಕೊಟ್ಟಿರುತ್ತಾರೆ. ಮಾಘ-ಫಾಲ್ಗುಣದಲ್ಲಿ ನೀರು ಹಿಂದೆ ಸರಿದಾಗ ಹಳೆಯ ಮಾಲೀಕರು ಅಲ್ಲೇ ಬಿತ್ತಿ ದಾರಿ ಕಟ್ಟುತ್ತಾರೆ. ಸ್ವಾಧೀನದ ನಕ್ಷೆ ಮತ್ತು ಐತೀರ್ಪಿನ (ಪರಿಹಾರ ನಿಗದಿ ಮಾಡಿದ ಆದೇಶದ) ಪ್ರತಿ ನೀರಾವರಿ ನಿಗಮದ ವಿಭಾಗ ಕಚೇರಿಯಲ್ಲಿ ಸಿಗುತ್ತದೆ. ಮುಳುಗಡೆ ಗಡಿಕಲ್ಲಿನ ಒಳಗೆ ಬೇಲಿ ಇದ್ದರೆ ವಾದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಕೆರೆ: ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯಿತಿ ವ್ಯವಸ್ಥೆಗೆ ಸೇರಿದ್ದು, 40ರಿಂದ 2000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. ಅರ್ಜಿ ಯಾರಿಗೆ ಕೊಡಬೇಕೆಂಬುದು ಇದರ ಮೇಲೆ ನಿಂತಿದೆ.

ಖಾಸಗಿ ನೀರು: ಬಾವಿ, ಪಟ್ಟಾ ಹೊಲದ ಕೃಷಿಹೊಂಡ, ಸ್ವಂತ ಮೀನುಹೊಂಡ. ಕೃಷಿಹೊಂಡಕ್ಕೆ ಸರ್ಕಾರದ ಸಹಾಯಧನ ಬಂದಿದ್ದರೂ ಅದು ರೈತರದ್ದೇ. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಕೈಬಿಟ್ಟ ಫರ್ಸಿ ಕಲ್ಲಿನ ಖಣಿಗಳಲ್ಲಿ ನೀರು ನಿಂತು ಮೀನು ಆಗಿರುತ್ತದೆ. ಊರಿನ ಮಕ್ಕಳೆಲ್ಲ ಅಲ್ಲಿ ಗಾಳ ಹಾಕಿರಬಹುದು, ಆದರೆ ಖಣಿ ಪಟ್ಟಾ ಜಮೀನಿನಲ್ಲಿದ್ದರೆ ಮಾಲೀಕರು ಬೇಡವೆಂದಾಗ ಹಿಂದೆ ಸರಿಯಬೇಕು. ನಿಮ್ಮದು ಈ ಬಗೆಯಾಗಿದ್ದರೆ ಮುಂದಿನ ಹಂತಗಳಿಗೆ ದುಡ್ಡು ಹಾಕಬೇಡಿ.

## ಹಂತ 3: ಪಹಣಿ, ನಕ್ಷೆ, ಹಳೆಯ ದಾಖಲೆ

ಇಡೀ ಕೆಲಸದ ಬೆನ್ನೆಲುಬು ಇದು. ಅವಸರ ಬೇಡ.

ಬೇಲಿ ನಿಂತ ಜಾಗದಲ್ಲಿ ದಿಶಾಂಕ್ ತೆರೆದು ಸರ್ವೆ ನಂಬರ್ ನೋಡಿ. ಆ್ಯಪ್ ತೋರಿಸುವ ಗೆರೆ ಕೆಲವು ಮೀಟರ್ ಆಚೀಚೆ ಆಗುತ್ತದೆ. ಯಾವ ಸರ್ವೆ ನಂಬರ್ ಹುಡುಕಬೇಕೆಂದು ತಿಳಿಯಲು ಅದು ಸಾಕು, ಸಾಕ್ಷ್ಯವಾಗಿ ಸಾಲದು. ಆ ನಂಬರ್ ಮತ್ತು ಅದರ ಸುತ್ತಲಿನ ಎಲ್ಲ ನಂಬರ್‌ಗಳ ಪಹಣಿ ತೆಗೆಸಿ.

ಪಹಣಿ ಸಿಕ್ಕ ಕೂಡಲೇ ಎಲ್ಲರೂ 9ನೇ ಕಾಲಂನಲ್ಲಿ ಹೆಸರು ನೋಡುತ್ತಾರೆ. ನೀವು ಮೊದಲು 3ನೇ ಕಾಲಂ ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣ, ಫೂಟ್ ಖರಾಬು (ಅ), ಫೂಟ್ ಖರಾಬು (ಬ), ಉಳಿದದ್ದು ಎಂದು ಸಾಲುಗಳಿವೆ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ: ಕಣ, ಹೊಲದ ಮನೆ, ಕಲ್ಲುನೆಲ. ಅದು ಹೊಲದವರ ಭಾಗವೇ. ‘ಬ’ ಖರಾಬು ಬೇರೆ. ಭೂಕಂದಾಯ ನಿಯಮಗಳು, 1966ರ ನಿಯಮ 21(2)ರ ಪ್ರಕಾರ ಅದು ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಜಾಗ, ರಸ್ತೆ ಅಥವಾ ಗುರುತಿಸಿದ ಕಾಲುದಾರಿ, ಹೊಲದವರಲ್ಲದೆ ಬೇರೆಯವರೂ ಬಳಸುವ ಕೆರೆ-ಹಳ್ಳ, ಸ್ಮಶಾನ ಇಂಥವುಗಳದು. ‘ಬ’ ಖರಾಬಿಗೆ ಕಂದಾಯ ಇಲ್ಲ, ಅದರ ಮೇಲೆ ಬೇಲಿ ಹಾಕುವ ಹಕ್ಕೂ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಪಹಣಿಯಲ್ಲಿ ಒಟ್ಟು 12 ಎಕರೆ 20 ಗುಂಟೆ, ‘ಬ’ ಖರಾಬು 0-18, ಉಳಿದದ್ದು 12-02 ಎಂದಿದೆ ಅಂದುಕೊಳ್ಳಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. 18 ಗುಂಟೆಯ ಹಳ್ಳ 33 ಅಡಿ ಅಗಲವಿದ್ದರೆ 594 ಅಡಿ ಉದ್ದ ಇರಬೇಕು. ಈಗ ಟೇಪು ಹಿಡಿದು ನೆಲದ ಮೇಲೆ ಅಳೆಯಿರಿ. ಹಳ್ಳ 12 ಅಡಿಗೆ ಇಳಿದು ಎರಡೂ ಬದಿ ತೊಗರಿ ನಿಂತಿದ್ದರೆ ಒತ್ತುವರಿ ಎಷ್ಟೆಂದು ಯಾರೂ ಹೇಳಬೇಕಾಗಿಲ್ಲ. ಈ ಲೆಕ್ಕವನ್ನು ಅರ್ಜಿಯ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ‘ಹಳ್ಳ ಒತ್ತುವರಿಯಾಗಿದೆ’ ಎಂಬ ವಾಕ್ಯಕ್ಕೆ ಸಿಗದ ಗಮನ ಈ ಹಾಳೆಗೆ ಸಿಗುತ್ತದೆ.

ಮುಂದೆ ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆ, ಆ ಸರ್ವೆ ನಂಬರಿನ ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ಸರ್ವೆ ಪಟ್ಟಿ) ಪ್ರತಿ ತೆಗೆಸಿ. ನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ಪಹಣಿಗೂ ಆಕಾರಬಂದ್‌ಗೂ ಖರಾಬಿನ ಲೆಕ್ಕ ಹೊಂದದಿದ್ದರೆ ಎರಡನ್ನೂ ಲಗತ್ತಿಸಿ. ಆ ವ್ಯತ್ಯಾಸ ಯಾವಾಗ ಬಂತು ಎಂಬುದೇ ಒಂದು ಪ್ರಶ್ನೆ.

ಈ ಮೂರು ಜಿಲ್ಲೆಗಳದು ನಿಜಾಮ ಸಂಸ್ಥಾನದ ದಾಖಲೆ ಪರಂಪರೆ. ಬೆಂಗಳೂರು, ಮೈಸೂರಿನ ಮಾದರಿ ಅರ್ಜಿ ನಕಲು ಮಾಡಿದರೆ ಇಲ್ಲಿನ ರೆಕಾರ್ಡ್ ರೂಮಿನಲ್ಲಿ ಏನೂ ಸಿಗುವುದಿಲ್ಲ. ಕೇಳಬೇಕಾದ್ದು ಸೇತ್ವಾರ್ (ನಿಜಾಮರ ಕಾಲದ ಸರ್ವೆ ಪಟ್ಟಿ) ಮತ್ತು 1954-55ರ ಖಾಸ್ರಾ ಪಹಣಿ. ಹಳೆಯವು ಉರ್ದುವಿನಲ್ಲಿರುತ್ತವೆ, ವರ್ಷ ಫಸಲಿ ಎಂಬ ಹಳೆಯ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ. ಫಸಲಿಗೆ 590 ಸೇರಿಸಿದರೆ ಇಸವಿ ಸಿಗುತ್ತದೆ: 1358 ಫಸಲಿ ಎಂದರೆ 1948-49. ಅದರಲ್ಲಿ ‘ಶಿಕಂ’ ಅಥವಾ ‘ಶಿಕಂ ತಲಾಬ್’ ಎಂಬ ಪದ ಕಂಡರೆ ಅದು ಕೆರೆಯ ಅಂಗಳ, ನೀರು ನಿಲ್ಲುವ ಜಾಗ. ಈಗಿನ ಪಹಣಿಯಲ್ಲಿ ಅದೇ ಜಾಗ ಒಬ್ಬರ ಹೆಸರಿನಲ್ಲಿ ಬರೀ ‘ಖುಷ್ಕಿ’ (ಒಣ ಬೇಸಾಯದ ಜಮೀನು) ಎಂದಿದ್ದರೆ ನಡುವಿನ ಮ್ಯುಟೇಷನ್ (ಹಕ್ಕು ಬದಲಾವಣೆ) ಆದೇಶದ ಪ್ರತಿ ಕೇಳಿ. ಉರ್ದು ಬಲ್ಲ ಹಿರಿಯರಿಂದ ಓದಿಸಿದರೆ ನಿಮಗೆ ವಿಷಯ ತಿಳಿಯುತ್ತದೆ, ಆದರೆ ಕಚೇರಿಗೆ ಕೊಡುವಾಗ ದೃಢೀಕೃತ ಅನುವಾದವೇ ಬೇಕು.

ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಕೆರೆಯ ದಾಖಲೆ, ಗುತ್ತಿಗೆ ಆದೇಶ, ಒತ್ತುವರಿ ಕ್ರಮ ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿ ತಿರಸ್ಕಾರ ಪಡೆಯುವುದು ದಿನನಿತ್ಯದ ತಪ್ಪು. ಮೂರು ಅರ್ಜಿ ಹಾಕಿ, 30 ರೂಪಾಯಿ ಹೋಗಲಿ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ. ‘ಇಂಥ ಕಡತದ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ.

## ಹಂತ 4: ಮೀನಿನ ಹಕ್ಕು ಯಾರ ಕೈಯಲ್ಲಿದೆ

ನೀರು ಸರ್ಕಾರದ್ದೆಂದು ಗೊತ್ತಾದ ಮೇಲೆ ಹುಮ್ಮಸ್ಸಿನಲ್ಲಿ ಬಲೆ ಬೀಸಲು ಹೋಗಬೇಡಿ. ಕೆರೆಗಳ ಮೀನು ಪಾಶುವಾರನ್ನು (ಮೀನು ಹಿಡಿಯುವ ಹಕ್ಕನ್ನು) ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಟ್ಟಿರಬಹುದು. ನದಿ, ಜಲಾಶಯಗಳಲ್ಲಿ ಲೈಸೆನ್ಸ್ ಪದ್ಧತಿ ಇರಬಹುದು. ಗುತ್ತಿಗೆದಾರರು ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟು ಸಾಕಿದ ಕೆರೆಯಲ್ಲಿ ಮೀನು ಹಿಡಿದರೆ ಅದು ಕಳವಿನ ದೂರಿಗೆ ದಾರಿ.

ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಪಂಚಾಯಿತಿ ಕೆರೆಯಾದರೆ ಪಿಡಿಒ ಬಳಿ ಗುತ್ತಿಗೆ ಆದೇಶದ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದ್ದು: ಗುತ್ತಿಗೆ ಯಾರ ಹೆಸರಿಗಿದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ, ಒಳಗುತ್ತಿಗೆಗೆ ಅವಕಾಶ ಇದೆಯೇ, ಊರವರ ನೀರು, ದನಕರು, ಬಟ್ಟೆ ಒಗೆತದ ಬಗ್ಗೆ ಷರತ್ತು ಏನು. ಅವಧಿ ಮುಗಿದ ಗುತ್ತಿಗೆಯ ಬಲದ ಮೇಲೆ ಕಾವಲು ಹಾಕಿ ಜನರನ್ನು ಓಡಿಸುವುದು, ಸಹಕಾರ ಸಂಘದ ಹೆಸರಿಗೆ ಗುತ್ತಿಗೆ ಪಡೆದು ಬೇರೆಯವರು ನಡೆಸುವುದು ಇವೆರಡೂ ಆದೇಶದ ಪ್ರತಿ ಕೈಗೆ ಬಂದಾಗಲೇ ಬಯಲಾಗುತ್ತವೆ.

‘ನನಗೆ ಮಾತಿನಲ್ಲಿ ಕೊಟ್ಟಿದ್ದಾರೆ’ ಎಂಬ ವಾದಕ್ಕೆ ಬೆಲೆ ಇಲ್ಲ. ಒಡಿಶಾದ ಚಿಲಿಕಾ ಸರೋವರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1955ರಲ್ಲೇ ಇದನ್ನು ತೀರ್ಮಾನಿಸಿದೆ: ಮೀನು ಹಿಡಿದು ಒಯ್ಯುವ ಹಕ್ಕು ಸ್ಥಿರಾಸ್ತಿಯಿಂದ ಬರುವ ಲಾಭ, ಅದು ಬಾಯಿಮಾತಿನಲ್ಲಿ ಕೈ ಬದಲಾಗುವುದಿಲ್ಲ.

ನಿಮ್ಮ ಕಡೆಯೂ ಕೈ ಶುದ್ಧವಿರಬೇಕು. ಸಿಡಿಮದ್ದು ಹಾಕಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಗುಂಪಿನಲ್ಲಿ ಒಬ್ಬ ಹಾಗೆ ಮಾಡಿದರೂ ಎದುರಿನವರು ಅದೊಂದನ್ನೇ ಹಿಡಿದು ಎಲ್ಲರ ದಾರಿ ಕಟ್ಟುತ್ತಾರೆ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಸಮಯದ ನಿಷೇಧ ಆದೇಶವನ್ನೂ ಇಲಾಖೆಯಲ್ಲಿ ಕೇಳಿ ತಿಳಿಯಿರಿ.

## ಹಂತ 5: ದಾರಿ ಯಾವ ಬಗೆಯದು

ನಕ್ಷೆಯಲ್ಲಿ ದಾರಿ ಇದೆ, ಅಥವಾ ‘ಬ’ ಖರಾಬಿನಲ್ಲಿ ಸೇರಿದೆ: ಅದು ಸಾರ್ವಜನಿಕ ದಾರಿ. ಸಾಕ್ಷಿಗಳ ಅಗತ್ಯ ಕಡಿಮೆ.

ನಕ್ಷೆಯಲ್ಲಿಲ್ಲ, ಆದರೆ ತಲೆತಲಾಂತರದಿಂದ ಊರವರು ಪಟ್ಟಾ ಹೊಲದ ಬದುವಿನ ಮೇಲೆ ಹೋಗುತ್ತಿದ್ದಾರೆ: ಇದು ಪದ್ಧತಿಯಿಂದ ಬಂದ ಹಕ್ಕು. ಇಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಆಗುತ್ತದೆ. ಹೊಲದಿಂದ ಹೊಲಕ್ಕೆ ಹೋಗುವ ರೈತರ ದಾರಿ ಹಕ್ಕಿನ ಅರ್ಜಿಯನ್ನೇ ಮೀನುಗಾರರೂ ನಕಲು ಮಾಡುತ್ತಾರೆ. ಅನುಭೋಗದ ಹಕ್ಕು (ಈಸ್‌ಮೆಂಟ್, ಅಂದರೆ ತನ್ನ ಜಮೀನಿನ ಅನುಕೂಲಕ್ಕೆ ಇನ್ನೊಬ್ಬರ ಜಮೀನು ಬಳಸುವ ಹಕ್ಕು) ಕೇಳುವವರಿಗೆ ಆ ಹಕ್ಕಿನಿಂದ ಅನುಕೂಲವಾಗುವ ಸ್ವಂತ ಜಮೀನು ಇರಬೇಕು. ಹೊಲವೇ ಇಲ್ಲದ ಬೆಸ್ತರ, ಅಂಬಿಗರ ಮನೆಯವರು ಹಾಗೆ ಕೇಳಿದರೆ ಅರ್ಜಿ ಮೊದಲ ಪುಟದಲ್ಲೇ ಬೀಳುತ್ತದೆ. 1882ರ ಅನುಭೋಗ ಕಾಯ್ದೆಯ ಕಲಂ 2 ಸ್ವಂತ ಜಮೀನಿನ ಹಂಗಿಲ್ಲದೆ ಸಾರ್ವಜನಿಕರಿಗೆ ಇರುವ ಪದ್ಧತಿ ಹಕ್ಕುಗಳನ್ನು ಕಾಯ್ದಿರಿಸಿದೆ. ನೀವು ಅದನ್ನೇ ಹೇಳಬೇಕು.

ಪದ್ಧತಿ ಹಕ್ಕಿಗೆ ಸಾಕ್ಷ್ಯ ಕೂಡಿಹಾಕಿ. 60 ದಾಟಿದ ನಾಲ್ಕೈದು ಜನರ ಹೇಳಿಕೆ, ಅದರಲ್ಲಿ ಮೀನುಗಾರರಲ್ಲದ ಇಬ್ಬರಾದರೂ ಇರಲಿ. ಸಂಘದ ಹಳೆಯ ಮಾರಾಟ ಪುಸ್ತಕ, ಲೈಸೆನ್ಸ್ ರಸೀದಿ, ಪುಟ್ಟಿ (ಹರಿಗೋಲು) ಹೊತ್ತು ಆ ದಾರಿಯಲ್ಲಿ ಹೋದ ಹಳೆಯ ಫೋಟೊ, ಗಂಗಾಪೂಜೆಗೆ ಊರವರೆಲ್ಲ ಅದೇ ದಾರಿ ಹಿಡಿಯುವುದಿದ್ದರೆ ಅದರ ಚಿತ್ರ. ಹೇಳಿಕೆಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ವಾಕ್ಯ ಇದ್ದರೆ ಯಾರೂ ನಂಬುವುದಿಲ್ಲ. ಒಬ್ಬರಿಗೆ ನೆನಪಿರುವುದು ದಾರಿಯ ಹುಣಸೆ ಮರ, ಇನ್ನೊಬ್ಬರಿಗೆ ಬರಗಾಲದಲ್ಲಿ ಅಲ್ಲಿಂದಲೇ ನೀರು ಹೊತ್ತದ್ದು. ಅವರವರ ಮಾತಿನಲ್ಲೇ ಬರೆಸಿಕೊಳ್ಳಿ.

## ಹಂತ 6: ಮಾತುಕತೆ, ಮತ್ತು ಸಹಿ ಹಾಕುವ ಮುನ್ನ

ಬೇಲಿ ಹಾಕಿದವರ ಕಷ್ಟವನ್ನೂ ಕೇಳಿ. ಬೆಳೆ ತುಳಿದದ್ದು, ಗೇಟು ತೆರೆದಿಟ್ಟು ದನ ನುಗ್ಗಿದ್ದು, ರಾತ್ರಿ ಬೈಕಿನಲ್ಲಿ ಬಂದವರು ಬಾಟಲಿ ಒಡೆದದ್ದು ಎಷ್ಟೋ ಕಡೆ ನಿಜ. ಹೀಗೆ ಹೇಳಿ ನೋಡಿ: ‘ಗೌಡ್ರೇ, ಬದುವಿನ ಮ್ಯಾಲ ನಾಕು ಅಡಿ ದಾರಿ ಬಿಡ್ರಿ ಸಾಕು. ಬೈಕ್ ತರಂಗಿಲ್ಲ, ಕತ್ತಲಾದ ಮ್ಯಾಲ ಬರಂಗಿಲ್ಲ, ಗೇಟ್ ಹಾಕ್ಕೊಂಡೇ ಹೋಗ್ತೀವ್ರಿ.’ ಊರ ಹಿರಿಯರ ಮುಂದೆ ಇಷ್ಟಕ್ಕೇ ಬಗೆಹರಿದ ಜಗಳಗಳು ಬಹಳ.

ಒಪ್ಪಂದದ ಕಾಗದ ಬರೆಯುವಾಗ ಮಾತ್ರ ಎಚ್ಚರ. ‘ಮಾಲೀಕರ ಅನುಮತಿ ಮೇರೆಗೆ ದಾರಿ ಬಳಸುತ್ತೇವೆ’ ಎಂದು ಒಮ್ಮೆ ಸಹಿ ಹಾಕಿದರೆ ಐವತ್ತು ವರ್ಷದ ಹಕ್ಕು ಅವತ್ತಿನಿಂದ ಬರೀ ಅನುಮತಿ. ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ‘ವರ್ಷಕ್ಕೆ ಇಂತಿಷ್ಟು ಮೀನು ಕೊಡುತ್ತೇವೆ’ ಎಂಬ ಸಾಲೂ ಅದೇ ಬಲೆ. ಅದರ ಬದಲು ಹೀಗೆ ಬರೆಯಿರಿ: ‘ಹಿಂದಿನಿಂದಲೂ ಬಳಕೆಯಲ್ಲಿರುವ ದಾರಿಯನ್ನು ಬೆಳೆಗೆ ಹಾನಿಯಾಗದಂತೆ ಬಳಸಲು ಉಭಯತರು ಒಪ್ಪಿದ್ದು, ಇದರಿಂದ ಯಾರ ಹಕ್ಕಿಗೂ ಬಾಧೆ ಇಲ್ಲ.’ ಎದುರಿನವರು ‘ಅನುಮತಿ’ ಎಂಬ ಪದವನ್ನೇ ಪಟ್ಟು ಹಿಡಿದರೆ ಕಾಗದ ಬೇಡ, ಮುಂದಿನ ಹಂತಕ್ಕೆ ಹೋಗಿ.

ಮಾತುಕತೆಗೆ ಎರಡು ವಾರ ಕೊಡಿ. ‘ಹಬ್ಬ ಆಗಲಿ, ರಾಶಿ ಆಗಲಿ, ನೋಡೋಣ’ ಎಂದು ಮುಂದೂಡುವುದು ಎಚ್ಚರಿಕೆಯ ಗಂಟೆ. ಗಡಿಯಾರ ನಿಮಗೆ ಓಡುತ್ತಿದೆ, ಅವರಿಗಲ್ಲ.

## ಹಂತ 7: ಸರಿಯಾದ ಕಲಂ, ಸರಿಯಾದ ಅರ್ಜಿ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ 133, 145, 147 ಈಗ ಕ್ರಮವಾಗಿ 152, 164, 166.

ದಾರಿ ನಕ್ಷೆಯಲ್ಲಿದ್ದರೆ ಕಲಂ 152. ಸಾರ್ವಜನಿಕರು ಬಳಸುವ ದಾರಿ, ನದಿ, ಕಾಲುವೆಗೆ ಅಡ್ಡ ಹಾಕಿದ್ದನ್ನು ತೆಗೆಸುವ ಷರತ್ತುಬದ್ಧ ಆದೇಶ ಇದರಡಿ ಬರುತ್ತದೆ. ಎದುರಿನವರು ‘ಇದು ಸಾರ್ವಜನಿಕ ದಾರಿಯೇ ಅಲ್ಲ’ ಎಂದು ನಂಬಲರ್ಹ ಆಧಾರ ಕೊಟ್ಟರೆ ವಿಚಾರಣೆ ಅಲ್ಲಿಗೆ ನಿಂತು ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಹಾಗಾಗಿ ನಕ್ಷೆಯ ಬಲ ಇಲ್ಲದೆ ಈ ಕಲಂ ಹಿಡಿಯಬೇಡಿ.

ನಕ್ಷೆಯಲ್ಲಿ ಇಲ್ಲದಿದ್ದರೆ ಕಲಂ 166. ಭೂಮಿ ಅಥವಾ ನೀರನ್ನು ಬಳಸುವ ಹಕ್ಕಿನ ಬಗ್ಗೆ ಶಾಂತಿಭಂಗವಾಗುವಂಥ ವಿವಾದ ಇದ್ದಾಗ ಕಾರ್ಯನಿರ್ವಾಹಕ ದಂಡಾಧಿಕಾರಿ (ಸಾಮಾನ್ಯವಾಗಿ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿ) ವಿಚಾರಣೆ ಮಾಡಿ, ಹಕ್ಕಿನ ಬಳಕೆಗೆ ಅಡ್ಡಿ ಮಾಡಬಾರದೆಂದು ಆದೇಶಿಸಬಹುದು. ‘ಭೂಮಿ ಅಥವಾ ನೀರು’ ಎಂಬುದರ ಅರ್ಥದಲ್ಲಿ ಮೀನುಗಾರಿಕೆ ಎಂಬ ಪದವನ್ನು ಕಾಯ್ದೆಯೇ ಸೇರಿಸಿದೆ. ಆದರೆ ಗಡುವು ಬಿಗಿ. ವರ್ಷವಿಡೀ ಬಳಸುವ ಹಕ್ಕಾದರೆ, ದಂಡಾಧಿಕಾರಿಗೆ ಮಾಹಿತಿ ತಲುಪುವ ಹಿಂದಿನ ಮೂರು ತಿಂಗಳೊಳಗೆ ಅದನ್ನು ಬಳಸಿರಬೇಕು. ಹಂಗಾಮಿನ ಹಕ್ಕಾದರೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು. ಮೊದಲ ದಿನ ಬರೆದಿಟ್ಟ ದಿನಾಂಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳ್ಳದಲ್ಲಿ ಮೃಗಶಿರಾ ಮಳೆಯಿಂದ ಸಂಕ್ರಾಂತಿವರೆಗೆ ಮಾತ್ರ ನೀರಿದ್ದರೆ ‘ಹಂಗಾಮಿನ ಹಕ್ಕು’ ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಮೂರು ತಿಂಗಳ ಲೆಕ್ಕಕ್ಕೆ ಸಿಕ್ಕಿಬೀಳುತ್ತೀರಿ.

ಗುತ್ತಿಗೆ ನಿಮ್ಮ ಸಂಘದ್ದೇ ಆಗಿದ್ದು ಕೆರೆಯಿಂದಲೇ ಬಲವಂತವಾಗಿ ಹೊರಹಾಕಿದ್ದರೆ ಕಲಂ 164. ಅದರ ಗಡುವು ಇನ್ನೂ ಚಿಕ್ಕದು, ಎರಡು ತಿಂಗಳು.

ಬೇಲಿ ಸರ್ಕಾರಿ ಜಾಗದ ಮೇಲಿದ್ದರೆ ಇದರ ಜೊತೆ ಬೇರೆಯೇ ಅರ್ಜಿಯಲ್ಲಿ ಭೂಕಂದಾಯ ಅಧಿನಿಯಮದ ಕಲಂ 104ರಡಿ ಒತ್ತುವರಿ ತೆರವು ಕೇಳಿ. 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪು ಹಳ್ಳಿಯೊಂದರ ಕೆರೆ ಒತ್ತುವರಿಯದೇ. ಗ್ರಾಮದ ಸಾಮುದಾಯಿಕ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡುವಂತೆ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಅದರಲ್ಲಿ ನಿರ್ದೇಶಿಸಿದೆ. ಪ್ರತಿ ಲಗತ್ತಿಸಿ.

ಅರ್ಜಿಯ ಮಾದರಿ ಇಷ್ಟೇ ಇರಲಿ:

‘… ತಾಲೂಕು … ಗ್ರಾಮದ ಸರ್ವೆ ನಂ. … ರಲ್ಲಿ 0-18 ಗುಂಟೆ “ಬ” ಖರಾಬು ಹಳ್ಳವಿದ್ದು, ಅಲ್ಲಿಗೆ ಗ್ರಾಮ ನಕ್ಷೆಯಲ್ಲಿ ತೋರಿಸಿದ ಕಾಲುದಾರಿ ಇರುತ್ತದೆ. ದಿನಾಂಕ … ರವರೆಗೆ ನಾವು ಈ ದಾರಿಯಲ್ಲಿ ಹೋಗಿ ಲೈಸೆನ್ಸ್ ನಂ. … ಅನ್ವಯ ಮೀನು ಹಿಡಿದಿರುತ್ತೇವೆ. ದಿನಾಂಕ … ರಂದು ತಂತಿ ಬೇಲಿ ಹಾಕಿ ದಾರಿ ಬಂದ್ ಮಾಡಲಾಗಿದೆ. ದಿನಾಂಕ … ರಂದು ಈ ಬಗ್ಗೆ ವಾಗ್ವಾದವಾಗಿದ್ದು ಶಾಂತಿಭಂಗದ ಸಂಭವ ಇದೆ. ಸ್ಥಳ ಪರಿಶೀಲಿಸಿ ಕಲಂ … ರಡಿ ಅಡ್ಡಿ ತೆರವುಗೊಳಿಸಲು ಕೋರುತ್ತೇವೆ.’

ಶಾಂತಿಭಂಗದ ಸಾಲು ಬಿಟ್ಟರೆ 164, 166ರ ಅಡಿ ದಂಡಾಧಿಕಾರಿಗೆ ಅಧಿಕಾರವೇ ಹುಟ್ಟುವುದಿಲ್ಲ. ಆದರೆ ನಡೆಯದ ಹೊಡೆದಾಟವನ್ನು ಬರೆಯಬೇಡಿ. ‘ಬಡವರು, ದಯೆ ತೋರಿಸಿ’ ಎಂಬ ಎರಡು ಪುಟ ಬೇಡ. ಪ್ರತಿ ಲಗತ್ತಿಗೂ ನಂಬರ್ ಹಾಕಿ, ಆವಕ ವಿಭಾಗದ ಮೊಹರು ಮತ್ತು ದಿನಾಂಕ ನಿಮ್ಮ ಪ್ರತಿಯ ಮೇಲೆ ಬೀಳದೆ ಕಚೇರಿಯಿಂದ ಹೊರಡಬೇಡಿ.

ಠಾಣೆಯಲ್ಲಿ ‘ಸಿವಿಲ್ ವಿಷಯ’ ಎನ್ನುವುದಕ್ಕೂ ಕಾರಣ ಇದೆ. ಖಾಸಗಿ ದಾರಿಯನ್ನು ತನಗೆ ತಡೆಯುವ ಹಕ್ಕಿದೆಯೆಂದು ಸದ್ಭಾವನೆಯಿಂದ ನಂಬಿ ತಡೆದರೆ ಅದು ಅಕ್ರಮ ತಡೆಯ ಅಪರಾಧವಾಗುವುದಿಲ್ಲ ಎಂಬ ವಿನಾಯಿತಿ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಬದಲು ಬಂದದ್ದು) ಕಲಂ 126ರಲ್ಲೇ ಇದೆ. ತಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಕೆರೆ, ಹಳ್ಳ, ದಾರಿಯ ಬಳಕೆಯಿಂದ ದೂರ ಇಟ್ಟಿದ್ದರೆ ವಿಷಯ ಬೇರೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಜೆಡ್‌ಎ) ಅಡಿ ಅದು ನೇರ ಅಪರಾಧ. ನಿಜವಿದ್ದಲ್ಲಿ ಹಿಂಜರಿಯದೆ ದೂರು ಕೊಡಿ. ನಿಜವಿಲ್ಲದಲ್ಲಿ ಈ ಕಾಯ್ದೆಯನ್ನು ಒತ್ತಡಕ್ಕೆ ಬಳಸಿದರೆ ಮುಂದೆ ನಿಜವಾದ ನೊಂದವರ ಮಾತೂ ಬೀಳುತ್ತದೆ.

## ಹಂತ 8: ಸರ್ವೆಯ ದಿನ

ಇನ್ನೊಬ್ಬರ ಪಟ್ಟಾ ಜಮೀನಿಗೆ ನೀವು ಹದ್ದುಬಸ್ತು (ಗಡಿ ಗುರುತಿಸುವ ಅಳತೆ) ಅರ್ಜಿ ಹಾಕಲು ಬರುವುದಿಲ್ಲ. ಸರ್ಕಾರಿ ಖರಾಬಿನ ಅಳತೆಗೆ ತಹಶೀಲ್ದಾರರೇ ಆದೇಶಿಸಬೇಕು, ಅರ್ಜಿಯಲ್ಲಿ ಅದನ್ನೇ ಕೇಳಿ.

ಸರ್ವೆಯರ್, ತಲಾಠಿ (ಈಗಿನ ಗ್ರಾಮ ಆಡಳಿತ ಅಧಿಕಾರಿ), ಕಂದಾಯ ನಿರೀಕ್ಷಕರು ಬರುವ ದಿನ ಐದಾರು ಜನ ಮಾತ್ರ ಹೋಗಿ. ಐವತ್ತು ಜನ ಸೇರಿದರೆ ‘ಗದ್ದಲದ ಕಾರಣ ಅಳತೆ ಮುಂದೂಡಲಾಗಿದೆ’ ಎಂದು ಬರೆದು ಹೋಗುತ್ತಾರೆ, ಮತ್ತೊಂದು ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹಳೆಯ ಗಡಿಕಲ್ಲಿನ ಮೇಲೆ ಮಣ್ಣು, ಜಾಲಿ ಬೆಳೆದಿದ್ದರೆ ಮೊದಲೇ ಜಾಗ ನೋಡಿಟ್ಟುಕೊಳ್ಳಿ, ಆದರೆ ನೀವಾಗಿ ಕಲ್ಲು ಮುಟ್ಟಬೇಡಿ. ಅಳತೆ ಯಾವ ಕಲ್ಲಿನಿಂದ ಶುರುವಾಯಿತೆಂದು ಬರೆದುಕೊಳ್ಳಿ. ತಪ್ಪು ಕಲ್ಲಿನಿಂದ ಹೊರಟರೆ ಹಳ್ಳವೇ ಪಕ್ಕದ ಹೊಲಕ್ಕೆ ಸರಿಯುತ್ತದೆ.

ಪಂಚನಾಮೆ ಓದಿಸಿಕೊಂಡು ಸಹಿ ಹಾಕಿ. ‘ಸ್ಥಳದಲ್ಲಿ ದಾರಿ ಕಂಡುಬರುವುದಿಲ್ಲ’ ಎಂದಿದ್ದರೆ, ‘ಬೇಲಿ ಹಾಕಿದ ನಂತರ ಉಳುಮೆ ಮಾಡಿದ್ದರಿಂದ’ ಎಂದು ಸೇರಿಸಲು ಕೇಳಿ. ಸೇರಿಸದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲಿ ಆಕ್ಷೇಪಣೆ ಬರೆದು ಮೊದಲ ದಿನದ ಸವೆತದ ಚಿತ್ರ ಕೊಡಿ. ಖಾಲಿ ಹಾಳೆಗೆ ಯಾರು ಹೇಳಿದರೂ ಸಹಿ ಬೇಡ.

## ಹಂತ 9: ನ್ಯಾಯಾಲಯ

ಪಟ್ಟಾ ಹೊಲದ ಪದ್ಧತಿ ದಾರಿಗೆ ಕೊನೆಯ ಮಾತು ಸಿವಿಲ್ ನ್ಯಾಯಾಲಯದ್ದೇ. ಊರಿನ ಎಲ್ಲರ ಪರವಾಗಿ ಕೆಲವರೇ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 8ರ ಅನುಮತಿ ಕೇಳಿ. ತಾತ್ಕಾಲಿಕ ತಡೆಗೆ ಆದೇಶ 39, ಸ್ಥಳ ಪರಿಶೀಲನಾ ಕಮಿಷನರ್ ನೇಮಕಕ್ಕೆ ಆದೇಶ 26, ನಿಯಮ 9. ಸರ್ಕಾರವನ್ನೂ ಕಕ್ಷಿ ಮಾಡುವುದಾದರೆ ಕಲಂ 80ರ ಎರಡು ತಿಂಗಳ ನೋಟಿಸ್ ಮರೆಯಬೇಡಿ. ಸ್ವಂತ ಹೊಲ ಇದ್ದು ಅನುಭೋಗದ ಹಕ್ಕು ಕೇಳುವವರು 20 ವರ್ಷದ ಬಳಕೆ ತೋರಿಸಬೇಕು, ಎದುರಿಗೆ ಸರ್ಕಾರಿ ಜಮೀನಾದರೆ 30 ವರ್ಷ. ದಾರಿ ಕಟ್ಟಿ ಎರಡು ವರ್ಷ ದಾಟುವ ಮುನ್ನ ದಾವೆ ಹೂಡಬೇಕು.

ಅಧಿಕಾರಿಗಳು ಅರ್ಜಿಯ ಮೇಲೆ ಕೂತೇ ಬಿಟ್ಟರೆ, ನಿರ್ದಿಷ್ಟ ಅವಧಿಯಲ್ಲಿ ತೀರ್ಮಾನಿಸಲು ಆದೇಶ ಕೋರಿ ಹೈಕೋರ್ಟ್‌ನ ಕಲಬುರಗಿ ಪೀಠಕ್ಕೆ ರಿಟ್ ಹಾಕಬಹುದು. ಮೊಹರು ಬಿದ್ದ ಪ್ರತಿಗಳು ಆಗ ಬೇಕೇ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೆ 15100ಕ್ಕೆ ಕರೆ ಮಾಡಿ.

## ಹಂತ 10: ಆದೇಶ ಬಂದ ಮೇಲೆ

ಆದೇಶ ಬಂದ ದಿನ ಹೂವಿನ ಹಾರ ತರುವ ಮುಂಚೆ ಮೂರು ಕೆಲಸ ಇವೆ. ಆದೇಶದ ದೃಢೀಕೃತ ಪ್ರತಿಯನ್ನು ಠಾಣೆಗೂ, ಪಿಡಿಒ ಅವರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ತೆರವಾದ ದಾರಿಯ ಎರಡೂ ಬದಿ ಸರ್ವೆ ಇಲಾಖೆಯಿಂದಲೇ ಕಲ್ಲು ನೆಡಿಸಿ ಚಿತ್ರ ತೆಗೆದಿಡಿ. ನ್ಯಾಯಾಲಯದ ತೀರ್ಪಾದರೆ ಪಹಣಿಯ 11ನೇ ಕಾಲಂನಲ್ಲಿ, ಇತರ ಹಕ್ಕುಗಳ ಅಡಿ, ದಾರಿಯ ನಮೂದು ಕೇಳಿ ಅರ್ಜಿ ಕೊಡಿ. ಹೊಲ ನಾಳೆ ಮಾರಾಟವಾದರೆ ಕೊಂಡವರು ‘ನನಗೆ ಗೊತ್ತಿರಲಿಲ್ಲ’ ಎನ್ನದಂತೆ ತಡೆಯುವುದು ಆ ಒಂದು ಸಾಲು.

ಆಮೇಲೆ ದಾರಿ ಬಳಸುತ್ತಲೇ ಇರಿ. ತಿಂಗಳಿಗೊಮ್ಮೆಯಾದರೂ ಹೋದ ದಿನ, ಜೊತೆಗಿದ್ದವರು, ಸಿಕ್ಕ ಮೀನು ಇಷ್ಟನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮತ್ತೆ ಬೀಗ ಬಿದ್ದರೆ ಹೊಸ ಅರ್ಜಿ ಬೇಡ. ದಂಡಾಧಿಕಾರಿಯ ಆದೇಶ ಮೀರಿದ್ದಕ್ಕೆ ನ್ಯಾಯ ಸಂಹಿತೆಯ ಕಲಂ 223ರಡಿ ಕ್ರಮ ಕೋರಿ ಅದೇ ಕಡತದ ನಂಬರ್ ಹಾಕಿ ಬರೆಯಿರಿ. ಬೀಗದ ಚಿತ್ರ, ದಿನಾಂಕ, ಇಬ್ಬರ ಸಹಿ ಜೊತೆಗಿರಲಿ.